ಹನ್ನೊಂದು ಚೀಲ ಕಸ ಮತ್ತು ನಮ್ಮ ಭೂಗೋಳದ ಮೇಷ್ಟ್ರು

ಮೇಷ್ಟ್ರು ಹೋದರು ಅಂತ ಫೋನ್ ಬಂದ ದಿನ ನನಗೆ ನೆನಪಾಗಿದ್ದು ಅವರ ಪಾಠವಲ್ಲ. ಅಕ್ಷಾಂಶ, ರೇಖಾಂಶ, ಮಣ್ಣಿನ ವಿಧಗಳು, ಯಾವುದೂ ಈಗ ತಲೆಯಲ್ಲಿ ಉಳಿದಿಲ್ಲ. ನೆನಪಾಗಿದ್ದು ಹನ್ನೊಂದು ಚೀಲ ಕಸ.

ಆಗ ನಾವು ಒಂಬತ್ತನೇ ತರಗತಿ. ಜೂನ್ 5ರ ಪರಿಸರ ದಿನಕ್ಕೆ ಏಳು ಜನ ಸೇರಿ ಒಂದು ಗುಂಪು ಕಟ್ಟಿದ್ದೆವು. ನಾನೇ ಮುಂದಾಳು. ಮೈದಾನ, ಕೊಠಡಿ, ಮೆಟ್ಟಿಲ ಕೆಳಗಿನ ಮೂಲೆ ಎಲ್ಲ ಗುಡಿಸಿ ಹನ್ನೊಂದು ಚೀಲ ತುಂಬಿಸಿದೆವು. ತುಂಬಿಸಿ ಹಿಂದಿನ ಗೋಡೆಯ ಆಚೆಗೆ ಎಸೆದೆವು, ಶಾಲೆಯ ಕಸ ಯಾವಾಗಲೂ ಹೋಗುತ್ತಿದ್ದದ್ದು ಅಲ್ಲಿಗೇ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ನಮ್ಮ ತರಗತಿಯ ಒಬ್ಬ ಹುಡುಗಿ ಮಾತ್ರ ಕೈಕಟ್ಟಿ ನಿಂತಿದ್ದಳು. ಅವಳ ಮನೆ ಇದ್ದದ್ದು ಆ ಗೋಡೆಯ ಆಚೆ.

ಮೇಷ್ಟ್ರು ಅದನ್ನು ನೋಡಿದ್ದರು. ಆ ದಿನ ತರಗತಿಗೆ ಬಂದವರು ಪುಸ್ತಕ ತೆರೆಯಲಿಲ್ಲ. ಅಮೆರಿಕದ ನಕ್ಷೆ ಬಿಡಿಸಿ ನಾರ್ತ್ ಕ್ಯಾರೊಲಿನಾದ ವಾರನ್ ಕೌಂಟಿ ಅಂತ ಒಂದು ಚುಕ್ಕೆ ಇಟ್ಟರು. 1982ರಲ್ಲಿ ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ತಂದು ಸುರಿಯಲು ಸರ್ಕಾರ ಆರಿಸಿದ ಜಾಗ ಅದು. ಅಲ್ಲಿದ್ದವರಲ್ಲಿ ಹೆಚ್ಚಿನವರು ಬಡ ಕಪ್ಪು ಜನ. ಲಾರಿಗಳ ಮುಂದೆ ರಸ್ತೆಯಲ್ಲೇ ಮಲಗಿದರು, ವಾರಗಟ್ಟಲೆ ಹೋರಾಡಿದರು, 500ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಆದರೂ ಮಣ್ಣು ಬಂದು ಬಿದ್ದೇ ಬಿತ್ತು. ಆದರೆ ಕಸ ಯಾರ ಮನೆ ಬಾಗಿಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ದೇಶದ ತುಂಬ ಹಬ್ಬಿತು. ಇಷ್ಟು ಹೇಳಿ ಮೇಷ್ಟ್ರು ನಮ್ಮ ಕಡೆ ತಿರುಗಿ, "ನಿಮ್ಮ ಹನ್ನೊಂದು ಚೀಲ ಎಲ್ಲಿಗೆ ಹೋಯ್ತು?" ಅಂದರು. ಅಷ್ಟೇ. ಗಂಟೆ ಹೊಡೆಯಿತು.

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹದಿನಾಲ್ಕರ ವಯಸ್ಸು, ತಪ್ಪು ಗೊತ್ತಾದರೆ ಕೂಡಲೇ ಸರಿಮಾಡಬೇಕು ಅನ್ನುವ ಆತುರ. ಆ ಶನಿವಾರ ಬೆಳಗ್ಗೆ ಆರಕ್ಕೆ ಏಳೂ ಜನ ಗೋಡೆ ಹಾರಿದೆವು. ಎರಡು ಚೀಲ ಹರಿದುಹೋಗಿದ್ದವು, ಉಳಿದ ಒಂಬತ್ತನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ, ಸದ್ದಾಗದಂತೆ ಬಾಯಿ ಮುಚ್ಚಿಕೊಂಡು ನಗುತ್ತ, ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಿಗೆ ಗೋಡೆಯ ಹಾಗೆ ಪೇರಿಸಿದೆವು. ಮೇಲೊಂದು ಚೀಟಿ: "ನಿಮ್ಮ ಕಸ, ನಿಮಗೇ." ನನ್ನ ಬದುಕಿನಲ್ಲಿ ಅಷ್ಟು ಖುಷಿ ಕೊಟ್ಟ ಬೆಳಗು ಇನ್ನೊಂದಿಲ್ಲ.

ಆ ಖುಷಿ ಹತ್ತು ಗಂಟೆಯವರೆಗೆ ಇತ್ತು. ಶಾಲೆ ಗುಡಿಸುತ್ತಿದ್ದವರು ಆ ಹುಡುಗಿಯ ತಂದೆ. ಗೋಡೆಯಾಚೆಯ ಕಸ ವಾಪಸ್ ಬಂದಿದೆ ಅಂದರೆ ಇದು ಅವರದೇ ಕೆಲಸ ಅಂತ ತೀರ್ಮಾನ ಆಗಿಹೋಗಿತ್ತು. ಸೋಮವಾರದಿಂದ ಬರಬೇಡ ಅಂದಿದ್ದರು. ಅವರು ಏನೂ ಹೇಳದೆ ಅದೇ ಚೀಲಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ನಾವು ಓಡಿಹೋಗಿ ಒಪ್ಪಿಕೊಂಡೆವು. ಪೆಟ್ಟು ಬಿತ್ತು, ಅವರ ಕೆಲಸ ಉಳಿಯಿತು.

ಮೇಷ್ಟ್ರು ಬಯ್ಯಲಿಲ್ಲ. ಸಂಜೆ ಕರೆದು ಕೇಳಿದರು: "ಲೋ, ಇದನ್ನು ಮಾಡೋ ಮೊದಲು ಗೋಡೆ ಆಚೆಯವರನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಯಾರಿಗೂ ಹೊಳೆದೂ ಇರಲಿಲ್ಲ.

ಅವತ್ತೇ ನಮ್ಮನ್ನು ಗೋಡೆಯಾಚೆಗೆ ಕರೆದುಕೊಂಡು ಹೋದರು, ಈ ಸಲ ಗೇಟಿನಿಂದ ಸುತ್ತಿ ಬಂದು. ಕೈಯಲ್ಲಿ ಒಂದು ಉದ್ದದ ನೋಟ್‌ಬುಕ್. ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಬಂದವರು", ಬಲಕ್ಕೆ "ಬರಬೇಕಿತ್ತು, ಬರಲಿಲ್ಲ" ಅಂತ ಬರೆದರು. ಸಂಘಟನೆ ಅಂದರೆ ಘೋಷಣೆ, ಭಾಷಣ ಅಂದುಕೊಂಡಿದ್ದ ನನಗೆ ಆ ಬಲಗಡೆಯ ಪಟ್ಟಿ ಏನೆಂದು ಅರ್ಥವಾಗಲು ಜಾಸ್ತಿ ದಿನ ಬೇಕಾಯಿತು. ಮೊದಲ ಸಭೆಗೆ ಗಂಡಸರಷ್ಟೇ ಬಂದರು. ಬಲಗಡೆ ತುಂಬ ಹೆಂಗಸರ ಹೆಸರು. ಎರಡನೆಯ ಸಭೆಯನ್ನು ಅವರಿಗೆ ಬಿಡುವಾಗುವ ಹೊತ್ತಿಗೆ ಇಟ್ಟೆವು. ಆಗ ಗೊತ್ತಾಯಿತು, ಅವರನ್ನು ಕಾಡುತ್ತಿದ್ದದ್ದು ಚೀಲ ಅಲ್ಲವೇ ಅಲ್ಲ. ವಾರಕ್ಕೊಮ್ಮೆ ಶಾಲೆಯವರು ಆ ರಾಶಿಗೆ ಬೆಂಕಿ ಇಡುತ್ತಿದ್ದರು, ಹೊಗೆ ನೇರ ಮನೆಗಳ ಒಳಗೆ. ಮಳೆ ಬಂದರೆ ಕಸ ಚರಂಡಿಗೆ ಕಟ್ಟಿಕೊಂಡು ನೀರು ಹೊಸ್ತಿಲು ದಾಟುತ್ತಿತ್ತು. ಮನವಿಯನ್ನು ಅವರೇ ಹೇಳಿ ಬರೆಸಿದರು. ಮೊದಲ ಸಹಿ ಆ ಹುಡುಗಿಯ ಅಜ್ಜಿಯ ಹೆಬ್ಬೆಟ್ಟು. ಶಾಲೆಯ ಸಭೆಯಲ್ಲಿ ಮಾತಾಡಿದ್ದು ನಾನಲ್ಲ, ಅವಳು. ಮೂರು ತಿಂಗಳಲ್ಲಿ ಬೆಂಕಿ ಇಡುವುದು ನಿಂತಿತು, ಮೈದಾನದ ಮೂಲೆಯಲ್ಲಿ ಗೊಬ್ಬರದ ಗುಂಡಿ ಬಂತು. ಚರಂಡಿ ಮಾತ್ರ ನಾವು ಶಾಲೆ ಬಿಡುವವರೆಗೂ ಹಾಗೇ ಇತ್ತು.

ಆಮೇಲೆ ನಾನು ಎಷ್ಟೋ ಯುವಕರ ಗುಂಪುಗಳನ್ನು ಕಟ್ಟಿದ್ದೇನೆ. ನೀವು ನಡೆಸುವ ಸಭೆಯಲ್ಲಿ ಹಿಂದೆ ಕೂತವರೂ ಬಾಯಿ ಬಿಡುತ್ತಾರೆ ಅಂತ ಜನ ಹೇಳುತ್ತಾರೆ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಎಲ್ಲದಕ್ಕೂ ಆ ನಡುವಿನ ಗೆರೆಯೇ ಮೂಲ.

ಮೇಷ್ಟ್ರ ಜೊತೆ ಕೊನೆಯ ಸಲ ಮಾತಾಡಿದ್ದು 2025ರ ಜುಲೈ ಕೊನೆಗೆ. ದನಿ ಸೋತಿತ್ತು, ಉತ್ಸಾಹ ಸೋತಿರಲಿಲ್ಲ. 2019ರಲ್ಲಿ ಪೆಸಿಫಿಕ್ ಸಾಗರದ ವನುವಾಟುವಿನಲ್ಲಿ 27 ಕಾನೂನು ವಿದ್ಯಾರ್ಥಿಗಳು ತರಗತಿಯಲ್ಲಿ ಶುರುಮಾಡಿದ ಕೆಲಸದ ಬಗ್ಗೆ ಹೇಳುತ್ತಲೇ ಹೋದರು. ಸಮುದ್ರ ಏರಿ ತಮ್ಮ ದ್ವೀಪಗಳು ಮುಳುಗುವಾಗ ಬೇರೆ ದೇಶಗಳ ಹೊಣೆ ಏನು ಅಂತ ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಅಂದವರು ಅವರು. ದ್ವೀಪ ದೇಶಗಳ ನಾಯಕರಿಗೆ ಪತ್ರ ಬರೆದರು, ವನುವಾಟು ಸರ್ಕಾರ ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ಕ್ಕೆ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. 2025ರ ಜುಲೈ 23ಕ್ಕೆ ನ್ಯಾಯಾಲಯ ಒಮ್ಮತದಿಂದ ಹೇಳಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಅದು ಸಲಹೆಯ ರೂಪದ ಅಭಿಪ್ರಾಯ, ಯಾರ ಮೇಲೂ ಕೊಟ್ಟ ತೀರ್ಪಲ್ಲ, ಅದೂ ಮೇಷ್ಟ್ರಿಗೆ ಗೊತ್ತಿತ್ತು. "ಆರು ವರ್ಷ ಕಣೋ," ಅಂದರು. "ಆರು ವರ್ಷ ನಮ್ಮ ಆ ನೋಟ್‌ಬುಕ್ ಥರ ಪುಸ್ತಕ ಬರೆದಿಟ್ಟಿದ್ದಾರೆ ಆ ಮಕ್ಕಳು."

ಈಗಿನ ಶಾಲೆಗಳಿಗೆ ಹೋದಾಗ ಬೇಸರವಾಗುತ್ತದೆ, ಹೇಳದೇ ಇರಲಾರೆ. 2018ರ ಆಗಸ್ಟ್‌ನಲ್ಲಿ ಹದಿನೈದರ ಗ್ರೇಟಾ ಥನ್‌ಬರ್ಗ್ ಸ್ವೀಡನ್ನಿನ ಸಂಸತ್ತಿನ ಮುಂದೆ ಹವಾಮಾನಕ್ಕಾಗಿ ಬೋರ್ಡ್ ಹಿಡಿದು ಒಬ್ಬಳೇ ಕೂತ ಚಿತ್ರ ಗೋಡೆಯ ಮೇಲಿದೆ. ಆದರೆ ನಮ್ಮ ಶಾಲೆಯ ಕಸ ಎಲ್ಲಿಗೆ ಹೋಗುತ್ತದೆ ಅಂತ ಒಂದು ಮಗು ಕೇಳಿದರೆ ಅಪ್ಪ ಅಮ್ಮನನ್ನು ಕರೆಸುತ್ತಾರೆ. ಪರಿಸರ ಅಂದರೆ ಪ್ರಿಂಟ್ ತೆಗೆಸಿದ ಪ್ರಾಜೆಕ್ಟ್, ಅದಕ್ಕಿಷ್ಟು ಅಂಕ. ಮಕ್ಕಳಿಗೆ ಸಂಬಂಧಿಸಿದ್ದರಲ್ಲಿ ಅವರ ಮಾತನ್ನೂ ಕೇಳಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಅದೂ ಪರೀಕ್ಷೆಗೆ ಬಾಯಿಪಾಠ, ಅಲ್ವಾ?

ಕಳೆದ ತಿಂಗಳು ಶಾಲೆಯ ಸಭಾಂಗಣದಲ್ಲಿ ಮೇಷ್ಟ್ರ ನೆನಪಿಗೆ ಎಲ್ಲರೂ ಸೇರಿದೆವು. ಗೋಡೆಯಾಚೆಯ ಆ ಗೆಳತಿಯೂ ಬಂದಿದ್ದಳು. ಸಹಿ ಪುಸ್ತಕ ಅವಳ ಕೈಗೆ ಬಂದಾಗ ಸ್ಕೇಲ್ ಕೇಳಿ ಪಡೆದು ನಡುವೆ ಗೆರೆ ಎಳೆದಳು. ಎಡಕ್ಕೆ ತನ್ನ ಹೆಸರು. ಬಲಕ್ಕೆ, "ಈಗಿನ ಒಂಬತ್ತನೇ ತರಗತಿಯವರು."

ನಿಜ. ಮೇಲಿನ ಮಹಡಿಯಲ್ಲಿ ಅವರಿಗೆ ಕಿರುಪರೀಕ್ಷೆ ನಡೆಯುತ್ತಿತ್ತು. ನಾನು ಎದ್ದು ಹೋಗಿ ಕೇಳಿದೆ. ಮೊದಲು ಆಗುವುದಿಲ್ಲ ಅಂದರು. ಆಮೇಲೆ ಬರೆದು ಮುಗಿಸಿದ್ದ ಐದು ಜನರನ್ನು ಕಳಿಸಿದರು. ಅವರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಪುಸ್ತಕ ಮೊದಲು ಅವರಿಗೆ ಹೋಯಿತು.