ಮಟನ್ ಸಾರು ನಮ್ಮೂರಲ್ಲಿ ಸುಳಿವಲ್ಲ

ಷರ್ಲಾಕ್ ಹೋಮ್ಸನ ‘ಸಿಲ್ವರ್ ಬ್ಲೇಜ್’ ಅಂದರೆ ಎಲ್ಲರಿಗೂ ನೆನಪಾಗುವುದು ಬೊಗಳದ ನಾಯಿ. 1892ರ ಆ ಕಥೆಯಲ್ಲಿ ಅದಕ್ಕಿಂತ ಗಟ್ಟಿಯಾದ ಸುಳಿವು ಇನ್ನೊಂದಿದೆ: ಕುದುರೆ ಲಾಯ ಕಾಯುವ ಹುಡುಗನಿಗೆ ರಾತ್ರಿ ಕೊಟ್ಟ ಮಸಾಲೆ ಹಾಕಿದ ಮಟನ್ನು. ಅದರಲ್ಲಿ ಅಫೀಮಿನ ಪುಡಿ ಬೆರೆತಿತ್ತು. ಅಫೀಮಿಗೆ ತನ್ನದೇ ರುಚಿಯಿದೆ, ಸಪ್ಪೆ ಊಟದಲ್ಲಿ ನಾಲಿಗೆಗೆ ಗೊತ್ತಾಗಿಬಿಡುತ್ತದೆ; ಮಸಾಲೆಯಾದರೆ ಮುಚ್ಚಿಹಾಕುತ್ತದೆ. ಹಾಗಾದರೆ ಅದೇ ರಾತ್ರಿ ಆ ಮನೆಯಲ್ಲಿ ಮಸಾಲೆ ಅಡುಗೆಯೇ ಆಗಲಿ ಎಂದು ಹೇಳಬಲ್ಲವರು ಯಾರು? ಹೊರಗಿನಿಂದ ಬಂದವನಂತೂ ಅಲ್ಲ. ಎರಡೇ ಹೆಜ್ಜೆಗೆ ಅನುಮಾನ ಮನೆಯೊಳಗೆ ಬಂದು ಕೂರುತ್ತದೆ.

ಇದನ್ನೇ ದಾವಣಗೆರೆಗೆ ತಂದು ನೋಡಿ. ಸಾರು ಖಾರವಾಗಿತ್ತು ಅಂದರೆ ಇಲ್ಲಿ ಯಾರು ಹುಬ್ಬೇರಿಸುತ್ತಾರೆ? ಸಪ್ಪೆಯಾಗಿತ್ತು ಅಂದರೆ ಮಾತ್ರ ಪತ್ತೇದಾರ ತಟ್ಟೆ ಕಡೆ ತಿರುಗಿ ನೋಡಬೇಕು.

ಹಳೆಯ ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ನಮ್ಮ ಕಡೆಗೆ ಒಗ್ಗಿಸುವವರು ಎಡವುವುದು ಇಲ್ಲೇ. ಬಂಗಲೆ ತೆಗೆದು ತೊಟ್ಟಿಮನೆ ಹಾಕುತ್ತಾರೆ, ಬಟ್ಲರನ ಜಾಗಕ್ಕೆ ದಲಾಲಿ ಅಂಗಡಿಯ ಗುಮಾಸ್ತ ಬರುತ್ತಾನೆ, ಸುಳಿವು ಮಾತ್ರ ಹಾಗೇ ಉಳಿಯುತ್ತದೆ. ಸುಳಿವು ಅಂದರೆ ರೂಢಿ ತಪ್ಪಿದ ಗುರುತು. ರೂಢಿ ಬದಲಾದ ಮೇಲೆ ಅದು ಸತ್ತ ಹಾಗೆ. ಮೂಲದ ಕಥೆಗಳನ್ನು 130 ವರ್ಷದ ಮೇಲೂ, ಇಂಗ್ಲೆಂಡ್ ಕಾಣದವರೂ ಓದುವುದಕ್ಕೆ ಕಾರಣ, ಅಲ್ಲಿನ ರೂಢಿಯನ್ನು ಕಥೆಯೇ ಕಲಿಸಿಕೊಡುತ್ತದೆ. ಲಾಯದಲ್ಲಿ ಯಾರು ಮಲಗುತ್ತಾರೆ, ಊಟ ಯಾರು ಒಯ್ಯುತ್ತಾರೆ, ಎಲ್ಲ ಮೊದಲೇ ಹೇಳಿರುತ್ತದೆ. ಖಾತೆ ಪುಸ್ತಕ ನಮ್ಮೆದುರಿಗೇ ಬಿಚ್ಚಿದೆ. ಕೂಡಿಸಲು ಬಾರದಿದ್ದರೆ ತಪ್ಪು ನಮ್ಮದು. 1929ರಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಹಾಕಿಕೊಟ್ಟ ಹತ್ತು ಕಟ್ಟಳೆಗಳಲ್ಲಿ ಮುಖ್ಯವಾದದ್ದು ಇದೇ: ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಆಗಲೇ ಓದುಗನಿಗೂ ಕಾಣಬೇಕು.

ಅದೇ ಪಟ್ಟಿಯಲ್ಲಿ, ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಕೂಡದು ಎಂಬ ಮಾತೂ ಇದೆ. ಚಿತ್ರದುರ್ಗದ ಕೋಟೆಯಲ್ಲಿ ಕಥೆ ನಡೆಸುವವರು ಆ ಒಂದನ್ನೂ ಬಿಡುವುದು ಒಳ್ಳೆಯದು. ಕಿಂಡಿ ಅಂದ ಕೂಡಲೇ ಓದುಗ ಒನಕೆ ಹುಡುಕಲು ಶುರುಮಾಡುತ್ತಾನೆ.

ಹಾಗಾದರೆ ಇಲ್ಲಿನ ಸುಳಿವು ಹೇಗಿರಬೇಕು? ಮಂಡಕ್ಕಿಯನ್ನೇ ತೆಗೆದುಕೊಳ್ಳಿ. ಈರುಳ್ಳಿ, ಟೊಮೇಟೊ, ಹಸಿಖಾರ ಹಾಕಿ ಕಲಸಿದ ಮಂಡಕ್ಕಿ ಕೆಲವೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಅದಕ್ಕಿಂತ ಒಳ್ಳೆಯ ಗಡಿಯಾರ ಬೇಕೆ? ಮನೆಯ ಅಳಿಯ ಹೇಳುತ್ತಾನೆ: ‘ಏಳಕ್ಕೆ ಪೊಟ್ಟಣ ತಂದಿಟ್ಟು ಮಲಗಿದೆ, ಎದ್ದಿದ್ದು ಗಲಾಟೆ ಕೇಳಿದಾಗಲೇ.’ ಎಂಟಕ್ಕೆ ಬಂದ ಪೇದೆ ಮೇಜಿನ ಮೇಲಿದ್ದ ಪೊಟ್ಟಣ ಬಿಚ್ಚಿ ಒಂದು ಮುಕ್ಕು ಬಾಯಿಗೆ ಹಾಕುತ್ತಾನೆ. ಕುರುಂ ಕುರುಂ ಸದ್ದಿಗೆ ಇನ್ಸ್‌ಪೆಕ್ಟರ್ ಬೈಯುತ್ತಾರೆ. ಓದುಗ ಪೇದೆಯನ್ನು ನೋಡಿ ನಗುತ್ತಾನೆ, ಸದ್ದನ್ನು ಮರೆಯುತ್ತಾನೆ. ಸುಳಿವನ್ನು ನಗೆಯ ಕೆಳಗೆ ಹೂಳುವ ಈ ಕೈಚಳಕದಲ್ಲಿ ಅಗಾಥಾ ಕ್ರಿಸ್ಟಿ ಪಳಗಿದವರು.

ಕೆಡುವುದು ಎಲ್ಲಿ? ಡಬ್ಬಿಯಲ್ಲಿಟ್ಟ ಒಗ್ಗರಣೆಯ ಖಾರ ಮಂಡಕ್ಕಿ ದಿನಗಟ್ಟಲೆ ಗರಿಗರಿ ಇರುತ್ತದೆ. ಯಾವ ಮಂಡಕ್ಕಿ ಎಂದು ಹೇಳದಿದ್ದರೆ ಲೆಕ್ಕವೇ ಬಿದ್ದುಹೋಯಿತು. ಮೆತ್ತಗಾಗುವ ಸಂಗತಿಯನ್ನೂ ಮೊದಲೇ ಬಿತ್ತಿರಬೇಕು. ‘ಕಲಸಿದ ಕೂಡ್ಲೆ ತಿನ್ರಿ ಸಾರ್’ ಎಂದು ಅಂಗಡಿಯವನು ಯಾರಿಗೋ ಹೇಳಿದರೆ ಸಾಕು, ಆದರೆ ಪೇದೆಯ ದೃಶ್ಯಕ್ಕಿಂತ ಕಡೇಪಕ್ಷ ಎರಡು ಅಧ್ಯಾಯ ಹಿಂದೆ. ಎರಡೂ ಒಂದೇ ಅಧ್ಯಾಯದಲ್ಲಿ ಬಂದರೆ ಶಾಲೆಯ ಹುಡುಗನೂ ಹಿಡಿಯುತ್ತಾನೆ. ಇನ್ನೊಬ್ಬ ಪಾತ್ರ ಬಂದು ‘ಅರೆ, ಇನ್ನೂ ಗರಿಗರಿ ಇದೆ’ ಅಂದರೂ ಆಟ ಮುಗಿಯಿತು.

ಇಂಗ್ಲಿಷಿನವರು ಹಿಮ ಸುರಿಸಿ ಹತ್ತು ಜನರನ್ನು ಒಂದೇ ಮನೆಯಲ್ಲಿ ಕೂಡಿಹಾಕುತ್ತಾರೆ. ನಮ್ಮಲ್ಲಿ ನೆಂಟರು ಸೇರುವುದಕ್ಕೆ ಎರಡು ವರ್ಷಕ್ಕೊಮ್ಮೆ ಬರುವ, ದಾವಣಗೆರೆಯ ದೇವತೆ ದುಗ್ಗಮ್ಮನ ಜಾತ್ರೆ ಇದೆ. ತೊಂದರೆ ಏನೆಂದರೆ ಜಾತ್ರೆಯ ಮನೆಗೆ ಬಾಗಿಲೇ ಇರುವುದಿಲ್ಲ, ಊಟಕ್ಕೆ ಬಂದವರ ಲೆಕ್ಕ ಮನೆಯವರಿಗೇ ಗೊತ್ತಿರುವುದಿಲ್ಲ. ಜಾಗದ ಬೇಲಿ ಇಲ್ಲಿ ನಿಲ್ಲದು. ತಿಳಿವಳಿಕೆಯ ಬೇಲಿ ಹಾಕಬೇಕು. ಮನೆ ತುಂಬ 200 ಜನ ಇರಲಿ, ತಿಜೋರಿಯ ಕೀಲಿ ಎಲ್ಲಿದೆ ಎಂದು ಗೊತ್ತಿರುವವರು ಐದೇ ಮಂದಿ. ಐದಕ್ಕಿಂತ ಕಡಿಮೆಯಾದರೆ ಊಹೆ ಸುಲಭ, ಎಂಟು ದಾಟಿದರೆ ಓದುಗನಿಗೆ ಹೆಸರೇ ನೆನಪಿರುವುದಿಲ್ಲ.

ರೈಲಿನ ವೇಳಾಪಟ್ಟಿ ನಂಬಿ ಕಥೆ ಕಟ್ಟುವ ಆಸೆ ಇದ್ದರೆ ಎಚ್ಚರ. ಅದರಲ್ಲಿ ನಿಪುಣರಾದ ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಸ್ವತಃ ರೈಲ್ವೆ ಎಂಜಿನಿಯರು. ಇಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರೈಲಲ್ಲಿ ಹೋಗುವ ದಾರಿ ಚಿಕ್ಕಜಾಜೂರು ಜಂಕ್ಷನ್ ಮೇಲೆ ಹಾದುಹೋಗುತ್ತದೆ, ಅಲ್ಲಿ ಗಾಡಿ ಬದಲಿಸುವವನ ಕಾಯುವಿಕೆ ಕಥೆಗೆ ಬಂಗಾರ. ಆದರೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಲಾರಿಗೆ ಕೈ ಅಡ್ಡ ಹಿಡಿದರೆ ಸುಮಾರು 60 ಕಿ.ಮೀ. ಅಷ್ಟೇ. ಲಾರಿಯನ್ನು ಮರೆತ ಲೇಖಕನನ್ನು ನಮ್ಮೂರ ಓದುಗ ಬಿಡುವುದಿಲ್ಲ.

ಮೊಬೈಲ್ ಕಾಟ ಬೇಡವೆಂದು 1970ರ ದಶಕಕ್ಕೆ ಹೋಗುವುದು ಜಾಣತನ. ಆಗ ‘ದಾವಣಗೆರೆ ಎಸ್.ಪಿ.’ ಎಂದು ಮಾತ್ರ ಬರೆಯಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಎಸ್.ಪಿ. ಕೂರುತ್ತಿದ್ದದ್ದು ಚಿತ್ರದುರ್ಗದಲ್ಲಿ. ಇಂಗ್ಲಿಷ್ ಕಥೆಗಳಲ್ಲಿ ಸಾವಿನ ಕಾರಣ ಹುಡುಕುವ ಕೊರೋನರ್ ಎಂಬ ಅಧಿಕಾರಿಯ ವಿಚಾರಣೆಯೂ ಇಲ್ಲಿಲ್ಲ. ಸಾಕ್ಷಿಗಳನ್ನೆಲ್ಲ ಒಂದೇ ಕೋಣೆಯಲ್ಲಿ ಮಾತಾಡಿಸುವ ಆ ಅನುಕೂಲ ನಮಗೆ ಸಿಗದು. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) 174ನೇ ಕಲಮಿನ ಶವ ಪಂಚನಾಮೆಯಲ್ಲಿ ಪಂಚರು ನಿಂತಿರುತ್ತಾರೆ, ಬರೆದದ್ದಕ್ಕೆ ರುಜು ಹಾಕುತ್ತಾರೆ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಕೊನೆಯ ದೃಶ್ಯದಲ್ಲಿ. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಇನ್ಸ್‌ಪೆಕ್ಟರ್ ಎದುರಿಗೆ ‘ಹೌದು, ನಾನೇ ಕೊಂದೆ’ ಎಂದು ಅಪರಾಧಿಯಿಂದ ಅಳುತ್ತಾ ಹೇಳಿಸುತ್ತಾರೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ ಪೊಲೀಸರ ಮುಂದೆ ಒಪ್ಪಿಕೊಂಡ ಮಾತನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿರಲಿಲ್ಲ. ಅಳಿಯ ಮರುದಿನ ವಕೀಲರನ್ನು ಹಿಡಿದು ನಗುತ್ತಾನೆ. ದಾರಿ ಇದ್ದದ್ದು ಅದೇ ಕಾಯ್ದೆಯ 27ರಲ್ಲಿ: ವಶದಲ್ಲಿರುವ ಆರೋಪಿಯ ಮಾತಿನ ಜಾಡು ಹಿಡಿದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ನಿಲ್ಲುತ್ತಿತ್ತು. ಆದ್ದರಿಂದ ಪಡಸಾಲೆಯ ಭಾಷಣ ಮುಗಿದ ಮೇಲೂ ಒಂದು ಅಧ್ಯಾಯ ಉಳಿಸಿಕೊಳ್ಳಿ. ಇಬ್ಬರು ಪಂಚರು, ಒಂದು ಲಾಟೀನು, ಅಳಿಯ ಬೆರಳು ಮಾಡಿ ತೋರಿಸಿದ, ಕಾಳು ತುಂಬಿಡುವ ನೆಲದಡಿಯ ಹಗೇವು, ಜೋಳದ ಅಡಿಯಿಂದ ಮೇಲೆ ಬಂದ ತಿಜೋರಿ ಕೀಲಿ, ಅಲ್ಲೇ ಬರೆದ ಮಹಜರು.