ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ

ಅಪ್ಪನ ಹಳೇ ಮ್ಯಾಸ್ಸಿ 1035 ಟ್ರ್ಯಾಕ್ಟರ್ ನಿಂತ ಕಡೆಯೆಲ್ಲಾ ಎಣ್ಣೆಯ ಒಂದು ಕರಿ ಮಚ್ಚೆ ಬಿಡುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಸೋರದೇ ಇರುತ್ತಾ ಅಂತ ಅಪ್ಪ ಅಡಿಯಲ್ಲಿ ಒಂದು ತಗಡಿನ ತಟ್ಟೆ ಇಟ್ಟು ಸುಮ್ಮನಾಗಿದ್ದರು. ಆದರೆ ಎರಡು ವರ್ಷ ಕೊಟ್ಟಿಗೆಯಲ್ಲೇ ಇದ್ದ ಗಾಡಿಯನ್ನು ಈ ಬೇಸಿಗೆಯಲ್ಲಿ ಸ್ಟಾರ್ಟ್ ಮಾಡಿ ಒಂದು ದಿನ ಉಳುಮೆ ಮಾಡಿದ್ದೇ ತಡ, ತಟ್ಟೆ ತುಂಬಿ ನೆಲಕ್ಕೆ ಹರಿಯಿತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಸ್ಪ್ಯಾನರ್ ತಗೊಂಡು ಕಂಡ ಕಂಡ ಬೋಲ್ಟನ್ನೆಲ್ಲಾ ಬಿಗಿ ಮಾಡಿದೆ. ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ತಲೆ ಮೇಲಿನ ಮುಚ್ಚಳದ, ಕಾರ್ಕ್ ಪ್ಯಾಕಿಂಗ್ ಹಿಸುಕಿಕೊಂಡು ಪಕ್ಕದಿಂದ ನಾಲಿಗೆ ಚಾಚಿತು. ಮೊದಲು ಒಂದೇ ಕಡೆ ಸೋರುತ್ತಿದ್ದದ್ದು ಈಗ ಎರಡು ಕಡೆ.

ಆಮೇಲೆ ಬುದ್ಧಿ ಬಂತು. ಡೀಸೆಲ್ ಮತ್ತು ಬ್ರಶ್ ಹಿಡಿದು ಇಂಜಿನ್ನಿನ ಮೇಲಿದ್ದ ವರ್ಷಗಳ ಜಿಡ್ಡನ್ನು ಕೆರೆದು ತೆಗೆದು, ಪೂರ್ತಿ ಒಣಗಿಸಿ, ಮೇಲಿಂದ ಕ್ಯಾರಂ ಬೋರ್ಡಿನ ಪೌಡರ್ ಉದುರಿಸಿದೆ. ಅರ್ಧ ಗಂಟೆ ಇಂಜಿನ್ ಓಡಿಸಿದರೆ ಬಿಳಿ ಪೌಡರಿನ ಮೇಲೆ ಎಣ್ಣೆ ಹರಿದ ದಾರಿ ಗೆರೆ ಎಳೆದ ಹಾಗೆ ಕಾಣುತ್ತೆ. ಫ್ಯಾನಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತೆ, ಅದು ಕೆಳಕ್ಕೂ ಇಳಿಯುತ್ತೆ, ಹಾಗಾಗಿ ಹನಿ ಬಿದ್ದ ಜಾಗದಿಂದ ಮೇಲಕ್ಕೆ, ಮುಂದಕ್ಕೆ ಹುಡುಕಿಕೊಂಡು ಹೋಗಬೇಕು.

ಗೆರೆ ಹೋಗಿ ನಿಂತಿದ್ದು ಟ್ಯಾಪೆಟ್ ಕವರ್ ಹತ್ತಿರ. ಅಲ್ಲಿಂದ ಕೆಳಕ್ಕೆ ಇಳಿಯುವ ಬ್ರೀದರ್ ಪೈಪಿನ ತುದಿಗೆ ಬೆರಳು ಹಾಕಿದರೆ ಗಟ್ಟಿ ಮಣ್ಣು! ಕಡಜ ಗೂಡು ಕಟ್ಟಿತ್ತು. ತಂತಿ ಹಾಕಿ ಚುಚ್ಚಿದಾಗ ಒಣಗಿದ ಮಣ್ಣಿನ ಜೊತೆ ಸತ್ತ ಜೇಡಗಳೂ ಉದುರಿದವು. ಬ್ರೀದರ್ ಮುಚ್ಚಿದರೆ ಇಂಜಿನ್ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಒತ್ತಡ ಹೆಚ್ಚಾಗಿ ಎಲ್ಲೆಲ್ಲಿ ಸಡಿಲ ಇದೆಯೋ ಅಲ್ಲೆಲ್ಲಾ ಎಣ್ಣೆಯನ್ನು ಹೊರಗೆ ದೂಡುತ್ತೆ. ಪೈಪ್ ಸ್ವಚ್ಛ ಮಾಡಿ, ಕವರಿಗೆ ಹೊಸ ಕಾರ್ಕ್ ಹಾಕಿ ಹದವಾಗಿ ಬಿಗಿ ಮಾಡಿದೆ, ಮುಕ್ಕಾಲು ಪಾಲು ಸೋರಿಕೆ ನಿಂತೇ ಹೋಯಿತು.

ಉಳಿದಿದ್ದು ಬೆಲ್ ಹೌಸಿಂಗ್, ಅಂದರೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡಿನ, ಅಡಿಯ ಹನಿ. ಅಲ್ಲಿ ಒಂದು ತೂತು, ಅದರಲ್ಲಿ ಸಡಿಲವಾಗಿ ಅಲ್ಲಾಡುವ ಒಂದು ಸ್ಪ್ಲಿಟ್ ಪಿನ್ ಇರುತ್ತೆ. ಬೇಕಂತಲೇ ಇಟ್ಟಿದ್ದು ಅದು. ಪಿನ್ ಅಲ್ಲಾಡುತ್ತಾ ತೂತಿಗೆ ಕೊಳೆ ಕಟ್ಟದಂತೆ ನೋಡಿಕೊಳ್ಳುತ್ತೆ, ಸೋರಿದ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹತ್ತಬಾರದಲ್ವಾ. ದಯವಿಟ್ಟು ಆ ತೂತಿಗೆ ಎಂ-ಸೀಲ್ ಮೆತ್ತಬೇಡಿ, ನಮ್ಮೂರಲ್ಲೇ ಒಬ್ಬರು ಮೆತ್ತಿ ಕ್ಲಚ್ ಹಾಳು ಮಾಡಿಕೊಂಡಿದ್ದಾರೆ. ಅಲ್ಲಿ ಹನಿಯ ಬಣ್ಣ ನೋಡಬೇಕು. ಕರಿ ಆದರೆ ಇಂಜಿನ್ ಆಯಿಲ್, ಕ್ರ್ಯಾಂಕಿನ (ಇಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ ಅಂತ. ಜೇನಿನ ಬಣ್ಣ ಆದರೆ ಗೇರ್ ಬಾಕ್ಸ್ ಕಡೆಯದು. ನಮ್ಮದು ಕರಿ.

ಅಂದರೆ ಆ ಸೀಲ್ ಕೈಗೆ ಸಿಗಲು ಗಾಡಿಯನ್ನು ನಡುವೆ ಎರಡು ಭಾಗ ಮಾಡಲೇಬೇಕು. ಮೇಸ್ತ್ರಿ ಬಂದರು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಓಲಾಡುತ್ತೆ, ಇಂಜಿನ್ ಪಕ್ಕಕ್ಕೆ ವಾಲಬಾರದು ಅಂತ ಮೊದಲು ಅದರ ಎರಡೂ ಕಡೆ ಮರದ ಬೆಣೆ ಹೊಡೆದರು. ನಮ್ಮ ಇಂಜಿನ್ನಿಗೆ ರಬ್ಬರ್ ಸೀಲ್ ಅಲ್ಲ, ಹಗ್ಗದ ಸೀಲ್. ಅರ್ಧ ಚಂದ್ರದಂಥ ಎರಡು ಹೌಸಿಂಗ್, ಒಂದೊಂದಕ್ಕೆ ಒಂದೊಂದು ತುಂಡು ಹಗ್ಗ. ಮೇಸ್ತ್ರಿ ಎರಡೂ ತುದಿ ಮೊದಲು ಕೂರಿಸಿ, ಆಮೇಲೆ ನಡುವಿನ ಭಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ, ಉರುಟಾದ ಸರಳನ್ನು ಅದರ ಮೇಲೆ ಹಿಂದೆ ಮುಂದೆ ಉರುಳಿಸಿ ಕೂರಿಸಿದರು. ತುದಿ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಹೊರಗೆ ಉಳಿಯಬೇಕಂತೆ, ಎರಡು ಭಾಗ ಸೇರಿದಾಗ ಹಗ್ಗಕ್ಕೆ ಹಗ್ಗ ಒತ್ತಿಕೊಳ್ಳಲಿ ಅಂತ. ಹೋದ ಸಲ ಹಾಕಿದವರು ಸಮಕ್ಕೆ ಕತ್ತರಿಸಿಬಿಟ್ಟಿದ್ದರು. ಗ್ರಾಫೈಟ್ ಗ್ರೀಸ್ ಸವರಿ ಕೂರಿಸಿ, ಬೋಲ್ಟ್ ಪೂರ್ತಿ ಬಿಗಿ ಮಾಡುವ ಮುಂಚೆ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ನೋಡಿದರು.

ಗಾಡಿ ಮತ್ತೆ ಒಂದಾಗಿ ಹದಿನೈದು ದಿನ ಆಯಿತು. ಬೆಲ್ ಹೌಸಿಂಗ್ ಅಡಿಯ ಪಿನ್ ಒಣಗಿಯೇ ಇತ್ತು, ಅಪ್ಪನಿಗೂ ಖುಷಿ. ಇವತ್ತು ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಒಂದು ಹನಿ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೆ. ಜೇನಿನ ಬಣ್ಣ. ಹೇಗೂ ಬಿಚ್ಚಿದ್ದೀವಿ, ಗೇರ್ ಬಾಕ್ಸ್ ಸೀಲೂ ಹಾಕಿಬಿಡೋಣ ಅಂತ ಮೇಸ್ತ್ರಿ ಅವತ್ತೇ ಹೇಳಿದ್ದರು. ಬೇಡ, ಸುಮ್ನೆ ಖರ್ಚು ಅಂದವನು ನಾನೇ.