ಏರಿ ಬುಡದ ಒಂದು ಲೋಟ ನೀರು

ಕಳೆದ ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಫೋನ್ ಬಂತು. "ಕೆರೆ ಏರಿ ಬುಡದಲ್ಲಿ ಒಸರು ಜಾಸ್ತಿ ಆಗಿದೆ, ಬಿಡುವಾದರೆ ಬಾರವ್ವಾ" ಅಂದರು. ಬೆಂಗಳೂರಿನ ಹುಳಿಮಾವಿನಿಂದ ಆನೇಕಲ್ ಕಡೆಯ ನಮ್ಮೂರಿಗೆ ಸ್ಕೂಟರ್‌ನಲ್ಲಿ ಹೊರಟೆ. 2019ರ ನವೆಂಬರ್ 24, ಅದೂ ಭಾನುವಾರವೇ, ಹುಳಿಮಾವು ಕೆರೆ ಏರಿ ಒಡೆದು ನಮ್ಮ ಬೀದಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಅವತ್ತಿನಿಂದ ಏರಿ ಅಂದರೆ ಎದೆ ಧಸಕ್ ಅನ್ನುತ್ತದೆ.

ದೊಡ್ಡಪ್ಪ ಏರಿ ಕೆಳಗೆ ಕುಕ್ಕರಗಾಲಲ್ಲಿ ಕೂತು, ಒಸರುವ ನೀರನ್ನು ಗಾಜಿನ ಲೋಟಕ್ಕೆ ಹಿಡಿಯುತ್ತಿದ್ದರು. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಒಸರುವುದು ಇದ್ದದ್ದೇ. ತಿಳಿ ನೀರಾದರೆ ಒಂದು ಕಣ್ಣಿಟ್ಟಿರಬೇಕು. ಕದಡಿ ಬಂದರೆ ಒಳಗಿನ ಮಣ್ಣೇ ಕೊಚ್ಚಿಕೊಂಡು ಬರುತ್ತಿದೆ ಅಂತ. ಲೋಟವನ್ನು ಕಲ್ಲಿನ ಮೇಲಿಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಗೆರೆ ಕೂತಿತು. ಉಗುರಿನಷ್ಟೇ ದಪ್ಪ.

ನಮ್ಮ ತಾತ ಈ ಕೆರೆಯ ನೀರುಗಂಟಿ, ಅಂದರೆ ಹೊಲಗಳಿಗೆ ನೀರು ಬಿಡುವವರು. ಅವರ ಕಾಲದಲ್ಲಿ ಬೇಸಿಗೆ ಬಂದರೆ ಊರವರೇ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು, ಏರಿ ಸವೆದಲ್ಲಿ ಮಣ್ಣು ಹಾಕಿ ದಿಮ್ಮಸು ಬಡಿಯುತ್ತಿದ್ದರು. ಬೋರ್‌ವೆಲ್ ಬಂದಮೇಲೆ, ಕೆರೆ ನೀರು ಹೊರಬಿಡುವ ತೂಬಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಈಗ ಏರಿ ತುಂಬ ಜಾಲಿ, ಹೆಗ್ಗಣದ ಬಿಲ. ಗಿಡ ಬೆರಳು ದಪ್ಪ ಇದ್ದಾಗಲೇ ಕೀಳಬೇಕು. ಮರವಾಗಿ ಒಣಗಿದರೆ ಬೇರು ಕೊಳೆತು, ನೀರಿಗೆ ಒಳಗೇ ದಾರಿಯಾಗುತ್ತದೆ. ಇದು ಗೊತ್ತಿದ್ದೂ ನಾವೆಲ್ಲ ಸುಮ್ನೆ ಇದ್ದೆವಲ್ಲ, ಅದೇ ನನಗೆ ಸಂಕಟ.

ಮೊದಲು ನೀರು ತಗ್ಗಬೇಕಿತ್ತು. ತೂಬು ತುಕ್ಕು ಹಿಡಿದಿತ್ತು, ನಾಲ್ಕು ಜನ ಸೇರಿ ಎತ್ತಿದೆವು. ಒಸರಿನ ಬಾಯಿಗೆ ಜೇಡಿಮಣ್ಣು ಮೆತ್ತಲು ಹೋದ ಹುಡುಗನನ್ನು ದೊಡ್ಡಪ್ಪ ತಡೆದರು. "ಬಾಯಿ ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೀತದೆ ಕಣಪ್ಪಾ. ನೀರು ಹೋಗಲಿ, ಮಣ್ಣು ನಿಲ್ಲಲಿ." ಮೊದಲು ದಪ್ಪ ಮರಳು ಹರಡಿದೆವು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ. ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಯಾರೋ ಮೀನಿಗೆ ಅಂತ ಕಟ್ಟಿದ್ದ ಬಲೆಯಲ್ಲಿ ಕಸ ತುಂಬಿ ನೀರು ನಿಂತಿತ್ತು. ಅದನ್ನೂ ಬಿಚ್ಚಿದೆವು. ನೀರು ಪೂರ್ತಿ ತಗ್ಗಿದ ಮೇಲೆ ಬಿಲಗಳನ್ನು ಅಗೆದು, ಹದವಾದ ಮಣ್ಣನ್ನು ಗೇಣು ಗೇಣಾಗಿ ಹಾಕಿ ಬಡಿಯುವ ಕೆಲಸ ಬಾಕಿ ಇದೆ.

ಸಂಜೆ ಇನ್ನೊಂದು ಲೋಟ ಹಿಡಿದೆವು. ತಳದಲ್ಲಿ ಏನೂ ಕೂರಲಿಲ್ಲ. ದೊಡ್ಡಪ್ಪ ಅದನ್ನು ಚೆಲ್ಲಿ, ತೊಳೆದು, ತೂಬಿನ ಕಲ್ಲಿನ ಮೇಲೆ ಕವುಚಿಟ್ಟರು. ಬೆಳಿಗ್ಗೆ ಮತ್ತೆ ಬೇಕಲ್ಲ.